ಹಸುವಿನ ಸಾಲ ಎಂದು ಬರೆದು ವರದಕ್ಷಿಣೆ ಕೊಟ್ಟೆವು



ದೊಡ್ಡಆಲಹಳ್ಳಿಯ ನಮ್ಮ ಸಂಘದ ಸಾಲದ ಪುಸ್ತಕದಲ್ಲಿ ಒಂದು ಪುಟವಿದೆ. ಸಾಲದ ಉದ್ದೇಶ ಎಂಬ ಜಾಗದಲ್ಲಿ 'ಹಸು ಖರೀದಿ' ಎಂದು ಬರೆದಿದೆ. ಸದಸ್ಯೆಯ ಸಹಿ ಇದೆ, ಪ್ರತಿನಿಧಿಯಾಗಿದ್ದ ನನ್ನ ಸಹಿಯೂ ಇದೆ. ಆ ಹಣದಲ್ಲಿ ಹಸು ಬರಲಿಲ್ಲ. ಬರುವುದಿಲ್ಲವೆಂದು ಅವತ್ತು ಸಭೆಯಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ಹಣ ಹೋದದ್ದು ಗಂಡಿನ ಕಡೆಯವರು ಕೇಳಿದ ಬೈಕಿಗೆ ಮತ್ತು ಕೊರಳಿನ ಸರಕ್ಕೆ.

ಮದುವೆಯಾದ ಹುಡುಗಿ ಕನಕಪುರಕ್ಕೆ ಬಸ್ಸಿನಲ್ಲಿ ಹೋಗಿಬಂದು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. 'ಮದುವೆ ಆದ ಮೇಲೂ ಓದಿಸ್ತೀವಿ' ಎಂದು ಗಂಡಿನ ಮನೆಯವರು ಹೇಳಿದರು. ನಾವು ನಂಬಿದೆವು ಎನ್ನುವುದಕ್ಕಿಂತ ನಂಬಿದ ಹಾಗೆ ಮಾಡಿದೆವು ಎನ್ನುವುದೇ ಸರಿ. ಹದಿನಾಲ್ಕು ತಿಂಗಳಿಗೆ ಅವಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಒಂದು ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಗಂಡಿನ ಕಡೆಯವರ ಬೇಡಿಕೆ ಇನ್ನೂ ಮುಗಿದಿರಲಿಲ್ಲ. ನಮ್ಮ ಸಾಲದ ಕಂತೂ ಮುಗಿದಿರಲಿಲ್ಲ. ಮಿಕ್ಕ ಕಂತುಗಳನ್ನು ಅವಳ ತಾಯಿ ಕಂಡವರ ತೋಟದಲ್ಲಿ ರೇಷ್ಮೆ ಸೊಪ್ಪು ಕೊಯ್ದ ಕೂಲಿಯಲ್ಲಿ ಕಟ್ಟಿದಳು. ನಾವು ಪ್ರತಿ ವಾರ ಎಣಿಸಿಕೊಂಡೆವು.

ಈ ಮಾತನ್ನು ಬೇರೆ ಯಾರ ಮೇಲೋ ಹೊರಿಸಲು ಬರೆಯುತ್ತಿಲ್ಲ. ವರದಕ್ಷಿಣೆ ಕೇಳಿದವರು ಅಪರಾಧಿಗಳು, ನಿಜ. ಆದರೆ ನಾವು ವಾರವಾರ ಕೂಡಿಸಿದ ಹಣ, 'ಹೆಣ್ಣುಮಕ್ಕಳ ಕೈ ಬಲಪಡಿಸಲು' ಎಂದು ಕೂಡಿಸಿದ ಹಣ, ಒಬ್ಬ ಹೆಣ್ಣುಮಗಳ ಓದು ನಿಲ್ಲಿಸಲು ಬಳಕೆಯಾಯಿತಲ್ಲ, ಅದಕ್ಕೆ ಸಹಿ ಹಾಕಿದವರು ನಾವೇ. ಅದೇ ವರ್ಷ ಆ ಹುಡುಗಿಯ ಓದಿಗೆ ಸಿಗಬಹುದಾಗಿದ್ದ ನೆರವುಗಳಲ್ಲಿ ಒಂದಕ್ಕೂ ನಾವು ಅರ್ಜಿ ಹಾಕಿಸಿರಲಿಲ್ಲ. ಅಂಥವು ಇವೆಯೆಂದು ನಮಗೆ ಗೊತ್ತೂ ಇರಲಿಲ್ಲ. ಚಿನ್ನದ ದರ ಗೊತ್ತಿತ್ತು, ಛತ್ರದ ಬಾಡಿಗೆ ಗೊತ್ತಿತ್ತು, ಯಾವ ಕೆಲಸದ ಗಂಡಿಗೆ ಎಷ್ಟು ಕೊಡಬೇಕೆಂಬುದೂ ಬಾಯಿಪಾಠವಾಗಿತ್ತು.

'ಬಿ.ಎ. ಓದಿ ಏನ್ ಮಾಡ್ತಾಳೆ?'

ನಮ್ಮೂರಲ್ಲಿ ಹುಡುಗಿ ನರ್ಸಿಂಗಿಗೋ ಇಂಜಿನಿಯರಿಂಗಿಗೋ ಸೇರಿದರೆ 'ಕೆಲಸ ಸಿಕ್ತದೆ' ಎನ್ನುತ್ತಾರೆ. ಬಿ.ಎ., ಬಿ.ಎಸ್ಸಿ.ಗೆ ಸೇರಿದರೆ 'ಗಂಡು ಸಿಗೋ ಗಂಟ ಹೋಗಿ ಬರ್ಲಿ ಬುಡು' ಎನ್ನುತ್ತಾರೆ. ಬಸ್‌ಸ್ಟಾಂಡಿನಲ್ಲಿ ಬಸ್ಸಿಗೆ ಕಾಯುವ ಹಾಗೆ ಕಾಲೇಜಿನಲ್ಲಿ ಗಂಡಿಗೆ ಕಾಯುವುದು. ಬಸ್ಸು ಬಂದರೆ ಪುಸ್ತಕ ಅಲ್ಲೇ ಬಿಟ್ಟು ಹತ್ತುವುದು. ಬಡವರ ಮನೆಯ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಓದುವುದು ಈ ಎರಡು ಡಿಗ್ರಿಗಳನ್ನೇ. ಅದಕ್ಕೇ ಈ ಮಾತು ಅವರಿಗೇ ಹೆಚ್ಚು ತಗಲುತ್ತದೆ.

ಬಿ.ಎ., ಬಿ.ಎಸ್ಸಿ. ಓದಿದವರಿಗೆ ದಾರಿ ಇಲ್ಲವೇ? ಪಂಚಾಯಿತಿಯಲ್ಲಿ ನಮ್ಮ ಅರ್ಜಿ ತೆಗೆದುಕೊಳ್ಳುವ ಪಿಡಿಓ ಹುದ್ದೆಗೆ ಬೇಕಾದದ್ದು ಒಂದು ಪದವಿ. ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕರ ಹುದ್ದೆಗೂ ಅಷ್ಟೇ. ಪದವಿಯ ಮೇಲೆ ಬಿ.ಇಡಿ. ಮಾಡಿ ಟಿಇಟಿ ಪಾಸಾದರೆ ಆರರಿಂದ ಎಂಟನೇ ತರಗತಿಯ ಶಿಕ್ಷಕಿಯಾಗುವ ಪರೀಕ್ಷೆ ಬರೆಯಬಹುದು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ನೂರಕ್ಕೆ 25ರಷ್ಟು ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಇದೆ. ನಮ್ಮ ಮಕ್ಕಳು ಓದಿದ್ದು ಹಳ್ಳಿ ಶಾಲೆಯಲ್ಲೇ, ಕನ್ನಡದಲ್ಲೇ. ಅದಕ್ಕೆ ಪ್ರಮಾಣಪತ್ರ ಮಾಡಿಸಿಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ಇನ್ನೊಂದು ಮಾತು. ಏಟು ತಿಂದು ಸಾಂತ್ವನ ಕೇಂದ್ರಕ್ಕೆ ಹೋದಾಗ ನಮ್ಮ ಮಾತು ಕೇಳಿ ಬರೆದುಕೊಳ್ಳುವ ಹೆಣ್ಣುಮಗಳು ಸಮಾಜಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ಓದಿದವಳು. ಕೋರ್ಟಿನಲ್ಲಿ ನಮ್ಮ ಪರ ನಿಲ್ಲುವ ವಕೀಲೆ ಬಿ.ಎ. ಮುಗಿಸಿ ಮೂರು ವರ್ಷ ಕಾನೂನು ಓದಿದವಳಿರಬಹುದು. ಬಿ.ಎ. ಓದಿ ಏನು ಮಾಡುತ್ತಾಳೆ ಎಂದು ಕೇಳುವ ನಾವು, ಕಷ್ಟ ಬಂದ ದಿನ ಹೋಗಿ ಕೂರುವುದು ಬಿ.ಎ. ಓದಿದವಳ ಎದುರಿನ ಕುರ್ಚಿಯಲ್ಲೇ.

ಬಿ.ಎಸ್ಸಿ. ಮಾತಿಗೆ ಬರೋಣ. ರಾಮನಗರದ ಗೂಡಿನ ಮಾರುಕಟ್ಟೆ ದೇಶಕ್ಕೆಲ್ಲ ಹೆಸರುವಾಸಿ. ನಾಲ್ಕು ಜ್ವರ ಕಳೆಯುವ ತನಕ ರಾತ್ರಿ ಎದ್ದು ಸೊಪ್ಪು ಹಾಕುವವರು ಯಾರು? ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವವರು ಯಾರು? ನಾವು. ಗೂಡು ಮಾರಿ ದುಡ್ಡು ಎಣಿಸುವವರು ಬೇರೆ. ಈ ಕೆಲಸಕ್ಕೂ ಒಂದು ವಿದ್ಯೆ ಇದೆ. ಬಿ.ಎಸ್ಸಿ.ಯಲ್ಲಿ ರೇಷ್ಮೆ ಕೃಷಿಯನ್ನು ಒಂದು ವಿಷಯವಾಗಿ ಓದಬಹುದು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅದರಲ್ಲೇ ಎಂ.ಎಸ್ಸಿ. ಇದೆ. ಕನಕಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ತಲಘಟ್ಟಪುರ ಸಿಗುತ್ತದಲ್ಲ, ಅಲ್ಲೇ ರಾಜ್ಯ ಸರ್ಕಾರದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. ಮೈಸೂರಿನಲ್ಲಿ ಕೇಂದ್ರದ ಸಂಶೋಧನಾ ಸಂಸ್ಥೆ, ಬೆಂಗಳೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿ ಇವೆ. ತಾಯಿ ಸೊಪ್ಪು ಹಾಕಿ ಕಲಿತದ್ದನ್ನು ಮಗಳು ಪ್ರಯೋಗಶಾಲೆಯಲ್ಲಿ ಮುಂದುವರಿಸಿದರೆ ಅದು ನಮ್ಮ ಜಿಲ್ಲೆಗೆ ದೂರದ ಮಾತಲ್ಲ.

ದುಡ್ಡು ಎಲ್ಲಿದೆ?

'ಓದಿಸೋಕೆ ದುಡ್ಡೆಲ್ಲಿ ಕಣಕ್ಕ' ಎಂದು ಸಭೆಯಲ್ಲಿ ಕೇಳುತ್ತಾರೆ. ಮದುವೆಗೆ ಇರುವ ದುಡ್ಡು ಓದಿಗೆ ಏಕಿಲ್ಲ ಎಂಬ ಪ್ರಶ್ನೆ ಪಕ್ಕಕ್ಕಿಡಿ. ಬೇರೆಯವರಿಂದ ಬರಬೇಕಾದ ದುಡ್ಡಿನ ಲೆಕ್ಕ ಮೊದಲು ಹಾಕೋಣ.

ಓಡಾಟದ ಖರ್ಚು ಈಗ ದೊಡ್ಡ ನೆಪವಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಇಲ್ಲಿಂದ ಕನಕಪುರದ ಕಾಲೇಜಿಗೂ, ರಾಮನಗರಕ್ಕೂ, ಬೆಂಗಳೂರಿಗೂ ಅದೇ ಮಾತು.

ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಂಬಲ್ಲಿ ಕಂಪ್ಯೂಟರಿನಲ್ಲಿ ಅರ್ಜಿ ಹಾಕಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಅದು ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವುದೆಂದು ಇತ್ತು. ಪರಿಶಿಷ್ಟ ಜಾತಿಯ ಮಗಳು ಡಿಗ್ರಿಯನ್ನು ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದರೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನವಿದೆ. ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಬಂತು. ಬಿ.ಎ., ಬಿ.ಎಸ್ಸಿ. ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5,500 ರೂಪಾಯಿ ಎಂದು ಆಗ ಗೊತ್ತುಮಾಡಿದರು. ಇದಕ್ಕೆ ರೈತರ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಜಮೀನು ಯಾರ ಹೆಸರಿನಲ್ಲಿದೆ ಎಂಬ ಹಳೆಯ ಪ್ರಶ್ನೆ ಇಲ್ಲೂ ಎದುರಾಗುತ್ತದೆ. ಗಂಡ ಬಿಟ್ಟುಹೋದವಳ ಮನೆಯಲ್ಲಿ ಆ ಸಂಖ್ಯೆ ತರುವುದೇ ಒಂದು ಹೋರಾಟ.

ಕೇಂದ್ರ ಸರ್ಕಾರದ್ದೂ ಇದೆ. ಪಿಯುಸಿಯಲ್ಲಿ ತಮ್ಮ ವಿಭಾಗದ ಮೇಲಿನ ನೂರಕ್ಕೆ ಇಪ್ಪತ್ತರೊಳಗೆ ಬಂದು, ಮನೆಯ ವರಮಾನ ನಾಲ್ಕೂವರೆ ಲಕ್ಷದೊಳಗಿದ್ದರೆ, ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಎಂ.ಎ., ಎಂ.ಎಸ್ಸಿ.ಗೆ 20,000 ರೂಪಾಯಿ. ಇದರಲ್ಲಿ ಅರ್ಧ ಪಾಲು ಹೆಣ್ಣುಮಕ್ಕಳಿಗೇ ಮೀಸಲು. ವಿಜ್ಞಾನದ ಮೂಲ ವಿಷಯಗಳನ್ನು ಓದುವವರಿಗೆ 2008ರಲ್ಲಿ ಶುರುವಾದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿಯದು. ಅದರಲ್ಲಿ 60,000 ಹುಡುಗಿಯ ಕೈಗೆ, 20,000 ಬೇಸಿಗೆಯ ಸಂಶೋಧನಾ ಕೆಲಸಕ್ಕೆ. ಪಿಯುಸಿಯಲ್ಲಿ ನೂರಕ್ಕೆ ಒಬ್ಬರೊಳಗೆ ಬಂದವರಿಗೆ ಮುಖ್ಯವಾಗಿ ಸಿಗುವಂಥದ್ದು. ಅಷ್ಟು ಜಾಣೆಯರು ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ಅವರ ಮದುವೆ ಮಾತುಕತೆ ಸಾಮಾನ್ಯವಾಗಿ ಪಿಯುಸಿ ಫಲಿತಾಂಶ ಬಂದ ವಾರವೇ ಶುರುವಾಗುತ್ತದೆ.

ಖಾಸಗಿಯವರದೂ ಇದೆ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಡಿಗ್ರಿಗೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನ ಇಟ್ಟಿದೆ. ಸಂತೂರ್ ವಿದ್ಯಾರ್ಥಿವೇತನವೂ ಹುಡುಗಿಯರಿಗೇ ಇರುವುದು. ಕಲೆ, ಮಾನವಿಕ, ವಿಜ್ಞಾನ ಓದುವವರಿಗೆ ಅದರಲ್ಲಿ ಆದ್ಯತೆ. ಡಿಗ್ರಿ ಮುಗಿದ ಮೇಲೆ ಕೆಲಸ ಸಿಗದೆ ಕೂತವರಿಗೆ ಯುವನಿಧಿ ತಿಂಗಳಿಗೆ 3,000 ರೂಪಾಯಿಯಂತೆ ಹೆಚ್ಚೆಂದರೆ ಎರಡು ವರ್ಷ. ಎಂ.ಎ., ಎಂ.ಎಸ್ಸಿ. ಮುಗಿಸಿ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ ಸಂಶೋಧನೆ ಮಾಡಲು 2023ರಿಂದ ತಿಂಗಳಿಗೆ 37,000 ರೂಪಾಯಿ. ಓದುವುದಕ್ಕೇ ಸಂಬಳ ಕೊಡುತ್ತಾರೆ ಎಂದು ನಮ್ಮ ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ನಕ್ಕುಬಿಟ್ಟರು. ಆಮೇಲೆ, 'ಅದ್ನ ಇನ್ನೊಂದ್ಸತಿ ಹೇಳವ್ವ' ಎಂದರು.

ಇವೆಲ್ಲವೂ ಎಲ್ಲರಿಗೂ ಸಿಗುವುದಿಲ್ಲ. ಒಂದನ್ನು ಪಡೆದರೆ ಇನ್ನೊಂದಕ್ಕೆ ಅರ್ಹತೆ ತಪ್ಪುವುದೂ ಉಂಟು. ಪ್ರತಿ ವರ್ಷ ನಿಯಮ, ಮೊತ್ತ, ಕೊನೆಯ ದಿನಾಂಕ ವಿಚಾರಿಸಿಕೊಳ್ಳಬೇಕು. ಏನೂ ಸಿಗದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲವಿದೆ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವು ಬೇಕಿಲ್ಲ, ಮರುಪಾವತಿ ಓದು ಮುಗಿದ ಮೇಲೆ. ಮದುವೆ ಸಾಲದ ಕಂತು ಹಾಗಲ್ಲ. ಹೆಣ್ಣು ಒಪ್ಪಿಸಿಕೊಟ್ಟ ಮರುತಿಂಗಳೇ ಶುರು.

ಓದಿದರೆ ವರದಕ್ಷಿಣೆ ನಿಲ್ಲುತ್ತದೆಯೇ?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದನ್ನು ಮುಚ್ಚಿಡಬಾರದು. 'ಓದ್ಸುದ್ರೆ ಇನ್ನೂ ಓದಿರೋ ಗಂಡು ತರ್ಬೇಕು, ಅವನಿಗೆ ಇನ್ನೂ ಜಾಸ್ತಿ ಕೊಡ್ಬೇಕು' ಎನ್ನುತ್ತಾರೆ. ಇದು ಸುಳ್ಳಲ್ಲ. ಡಿಗ್ರಿಯನ್ನು ಮದುವೆಯ ಒಡವೆಗಳಲ್ಲಿ ಒಂದು ಎಂದು ನೋಡಿದರೆ ಹಾಗೇ ಆಗುತ್ತದೆ. ಸೀರೆ, ಸರ, ಜೊತೆಗೊಂದು ಬಿ.ಎಸ್ಸಿ. ಓದಿದ ಹೆಣ್ಣುಮಕ್ಕಳೂ ಸುಟ್ಟುಕೊಂಡು ಸತ್ತಿದ್ದಾರೆ, ಸಂಬಳ ತರುವವರೂ ಏಟು ತಿಂದಿದ್ದಾರೆ. ಓದು ತಾಯತವಲ್ಲ.

ಆದರೆ ಒಂದು ವ್ಯತ್ಯಾಸವಿದೆ. ಅವಳ ಹೆಸರಿನಲ್ಲಿ ಖಾತೆ ಇದ್ದು, ಅದರಲ್ಲಿ ಅವಳದೇ ದುಡ್ಡಿದ್ದು, ಕೈಯಲ್ಲಿ ಮುಗಿಸಿದ ಪದವಿ ಇದ್ದರೆ, ಮೊದಲ ಏಟಿಗೇ ಹೊರಟುಬರುವ ಧೈರ್ಯ ಬೇರೆ. 'ತವರಿಗೆ ಭಾರ ಆಗ್ತೀನಿ' ಎಂದು ಹತ್ತನೇ ಏಟಿನ ತನಕ ಕೂರುವ ಪಾಡು ಬೇರೆ. ತಾಯಿತಂದೆಗೂ 'ಹೊಂದ್ಕೊಂಡು ಹೋಗವ್ವ' ಎಂದು ವಾಪಸು ಕಳಿಸುವ ಅಗತ್ಯ ಕಡಿಮೆಯಾಗುತ್ತದೆ. ನಾನು ಕೇಳುತ್ತಿರುವುದು ಇಷ್ಟೇ. ಡಿಗ್ರಿಯನ್ನು ಗಂಡಿಗಾಗಿ ಓದಿಸಬೇಡಿ, ಅವಳ ಕೈಗಾಗಿ ಓದಿಸಿ. ಮುಗಿಯುವ ಮೊದಲು ಮದುವೆ ಮಾತು ಎತ್ತಬೇಡಿ.

ಹಿಂದೆ ಹೀಗೆ ಮಾಡಿದವರು ಇಲ್ಲವೇ? ಇದ್ದಾರೆ. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರ ಕಥೆ ನಮ್ಮ ಮಕ್ಕಳಿಗೆ ಹೇಳಬೇಕು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟವರ ಓದಿಗಾಗಿ ದುಡಿದವರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಮಾಡಿದರು. ವಿದ್ಯಾರ್ಥಿವೇತನ ಸಿಕ್ಕಿ, ಸ್ವಾತಂತ್ರ್ಯ ಬಂದ 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಮರಳಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಅವರನ್ನು ನೆನೆಯುತ್ತಾರೆ. ಅವರು ಅನುಕೂಲಸ್ಥ ಮನೆಯವರು, ಹಳ್ಳಿಯ ಕೂಲಿಯವರ ಮಗಳಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಅವರ ಬೆನ್ನಿಗೆ ಓದಿದ ಒಬ್ಬ ಅಜ್ಜಿ ಇದ್ದರು. ನಮ್ಮ ಮಕ್ಕಳ ಬೆನ್ನಿಗೆ ಒಬ್ಬ ಅಜ್ಜಿಯ ಬದಲು ಇಪ್ಪತ್ತು ಹೆಂಗಸರ ಒಂದು ಸಂಘ ನಿಲ್ಲಬಾರದೇ?

ಕಾನೂನು ಏನು ಹೇಳುತ್ತದೆ

1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತೆಗೆದುಕೊಳ್ಳುವುದು ಮಾತ್ರವಲ್ಲ, ಕೊಡುವುದೂ ಅಪರಾಧ. ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲದ ಜೈಲು. ನೊಂದವರು ದೂರು ಕೊಡಲು ಹೆದರಬೇಕಿಲ್ಲ, ಅವರ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಕೇಸು ಹಾಕುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಆದರೆ ಸಂಘದ ಹಣವನ್ನು ಸುಳ್ಳು ಹೆಸರಿನಲ್ಲಿ ವರದಕ್ಷಿಣೆಗೆ ಕೊಡುವ ನಾವು ಎಲ್ಲಿ ನಿಂತಿದ್ದೇವೆ, ಯೋಚಿಸಿ.

ಮದುವೆಯಾದ ಮೇಲೆ ಓದು ಬಿಡಿಸಿದರೆ ಅದು 'ಮನೆಯ ಒಳಗಿನ ಮಾತು' ಅಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ನಿಯಮಗಳ ನಮೂನೆಯಲ್ಲಿ ಮಾತಿನ ಹಾಗೂ ಮಾನಸಿಕ ದೌರ್ಜನ್ಯಗಳ ಪಟ್ಟಿ ಇದೆ. ಶಾಲೆ ಕಾಲೇಜಿಗೆ ಹೋಗದಂತೆ ತಡೆಯುವುದು, ಕೆಲಸಕ್ಕೆ ಸೇರದಂತೆ ತಡೆಯುವುದು ಎರಡೂ ಆ ಪಟ್ಟಿಯಲ್ಲಿವೆ. 'ಓದಿಸ್ತೀವಿ' ಎಂದು ಮಾತು ಕೊಟ್ಟು ಪುಸ್ತಕ ಕಿತ್ತಿಟ್ಟವರ ಮೇಲೆ ರಕ್ಷಣಾಧಿಕಾರಿಗೆ ದೂರು ಕೊಡಬಹುದು. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿಯ ಸಂಖ್ಯೆ 181.

ಸಂಘ ಮಾಡಬೇಕಾದದ್ದು

ಭಾಷಣ ಸಾಕು. ನಾನು ನಮ್ಮ ಸಂಘದ ಮುಂದೆ ಮೂರು ಮಾತು ಇಟ್ಟಿದ್ದೇನೆ, ನಿಮ್ಮ ಮುಂದೆಯೂ ಇಡುತ್ತೇನೆ.

ಮೊದಲನೆಯದು, ಸಾಲದ ಪುಸ್ತಕದಲ್ಲಿ ಸುಳ್ಳು ಬರೆಯುವುದಿಲ್ಲ. ವರದಕ್ಷಿಣೆಗೆ ಸಾಲ ಇಲ್ಲ, ಯಾವ ಹೆಸರಿನಲ್ಲೂ ಇಲ್ಲ. ಓದಿನ ಸಾಲಕ್ಕೆ ಮೊದಲ ಸರದಿ.

ಎರಡನೆಯದು, ಪಿಯುಸಿ, ಡಿಗ್ರಿ ಓದುತ್ತಿರುವ ಸದಸ್ಯೆಯರ ಹೆಣ್ಣುಮಕ್ಕಳ ಪಟ್ಟಿ ಸಂಘದಲ್ಲಿರಬೇಕು. ಪಿಯುಸಿ ಫಲಿತಾಂಶ ಬರುವ ಮೊದಲೇ ಒಬ್ಬೊಬ್ಬಳ ಕಾಗದಪತ್ರ ಸಿದ್ಧವಾಗಿರಬೇಕು. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅವಳದೇ ಹೆಸರಿನ ಬ್ಯಾಂಕ್ ಖಾತೆ, ಖಾತೆಗೆ ಆಧಾರ್ ಜೋಡಣೆ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಈಗಲೇ ಸರಿ ಮಾಡಿಸಿ. ಇಷ್ಟು ಸಣ್ಣ ಕಾರಣಕ್ಕೆ ದುಡ್ಡು ಬಾರದೆ ಹೋದ ಮಕ್ಕಳನ್ನು ನಾನು ಕಂಡಿದ್ದೇನೆ. ಕಾಲೇಜು ಓದುವ ಹುಡುಗಿಯೊಬ್ಬಳಿಗೇ ಈ ಕೆಲಸ ವಹಿಸಿ, ಅವಳ ಜೊತೆ ಒಬ್ಬ ಸದಸ್ಯೆ ಕಚೇರಿಗೆ ಹೋಗಲಿ. ಒಬ್ಬಳೇ ಹೋದರೆ 'ನಾಳೆ ಬಾ' ಎನ್ನುವವರು ನಾಲ್ಕು ಮಂದಿ ಹೋದರೆ ಕುರ್ಚಿ ಹಾಕುತ್ತಾರೆ.

ಮೂರನೆಯದು, ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳೆಲ್ಲ ಅದರಲ್ಲಿ ಸ್ವಲ್ಪವನ್ನಾದರೂ ಮಗಳ ಓದಿನ ಖಾತೆಗೆ ಹಾಕಿ. ಚೀಟಿ ಹಾಕಿ ಚಿನ್ನ ಕೂಡಿಸುವ ಅಭ್ಯಾಸ ನಮಗಿದೆಯಲ್ಲ, ಅದೇ ಅಭ್ಯಾಸ, ಬೇರೆ ಖಾತೆ.

ಈ ಮೂರು ಮಾತು ಇಟ್ಟ ದಿನ ಸಭೆಯಲ್ಲಿ ಜಗಳವಾಯಿತು. 'ನಿನ್ನ ಮಗಳ ಮದುವೆ ಆಯ್ತು, ಈಗ ಬುದ್ಧಿ ಹೇಳ್ತೀಯ' ಎಂದು ಒಬ್ಬರು ಅಂದರು. ಅದೂ ನಿಜವೇ. ನನ್ನ ಮಗಳ ಮದುವೆಯಲ್ಲಿ ನಾನೂ ಕೊಟ್ಟಿದ್ದೇನೆ. ಅದಕ್ಕೇ ಅದರ ರುಚಿ ಗೊತ್ತು.

ಜಗಳ ನಡೆಯುತ್ತಿದ್ದಾಗ ಆ ಹುಡುಗಿ, ಹಸುವಿನ ಸಾಲದಲ್ಲಿ ಮದುವೆಯಾದವಳು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದಳು. ಕಡೆಗೆ ಅವಳೇ ಮಾತಾಡಿದಳು. 'ದೊಡ್ಡವ್ವ, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮನೇಲಿದ್ದುಕೊಂಡೇ ಬಿ.ಎ. ಓದಬೌದಂತೆ. ಕೂಸು ಬಿಟ್ಟು ದಿನಾ ಕಾಲೇಜಿಗೆ ಹೋಗಾಕಾಗಲ್ಲ. ಫೀಜಿಗೆ ಸಾಲ ಕೊಡ್ತೀರಾ?'

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವಳ ತಾಯಿಯ ಹಳೆಯ ಸಾಲದ ಕೊನೆಯ ಕಂತು ಹಿಂದಿನ ತಿಂಗಳು ತೀರಿತ್ತು. ಆಮೇಲೆ ಒಬ್ಬೊಬ್ಬರಾಗಿ ಕೈ ಎತ್ತಿದರು. ನನಗೆ ಬುದ್ಧಿ ಹೇಳ್ತೀಯ ಎಂದವರೂ ಎತ್ತಿದರು. ಪುಸ್ತಕ ತೆರೆದು, ಉದ್ದೇಶ ಎಂಬ ಜಾಗದಲ್ಲಿ 'ಬಿ.ಎ. ಫೀಜು' ಎಂದು ಅವಳ ಕೈಯಲ್ಲೇ ಬರೆಸಿದೆವು.

ನಿಮ್ಮ ಸಂಘದ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ. ಎಷ್ಟು ಹಸುಗಳಿವೆ, ಅವುಗಳಲ್ಲಿ ಎಷ್ಟು ಹಾಲು ಕರೆಯುತ್ತವೆ, ಲೆಕ್ಕ ಹಾಕಿ.

— ಸಂಘದ ಒಬ್ಬ ಸದಸ್ಯೆ, ದೊಡ್ಡಆಲಹಳ್ಳಿ